ಸಣ್ಣ ವ್ಯತ್ಯಾಸ ಕಂಡ ವರ್ಷ

ಕೆಟಲ್ಲಿನ ತಳದಲ್ಲಿ ಬಿಳಿ ಪದರ ಕಟ್ಟಿತ್ತು. ನಮ್ಮ ಮನೆಯ ನೀರು ಗಡಸು. ಆಗಾಗ ವಿನೆಗರ್ ಹಾಕಿ ಕುದಿಸದಿದ್ದರೆ ಟೀಯಲ್ಲಿ ಚೂರು ಚೂರು ಸುಣ್ಣ ತೇಲುತ್ತದೆ. ಕಳೆದ ಶನಿವಾರ ಹಾಗೆ ಕುದಿಯಲು ಬಿಟ್ಟು ಪಾತ್ರೆ ತೊಳೆಯುತ್ತಿದ್ದೆ. ಹುಳಿ ಹಬೆ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತು. ಕಿಟಕಿ ತೆಗೆಯಲು ಹೋದವಳು ಚಿಲಕದ ಮೇಲೆ ಕೈಯಿಟ್ಟುಕೊಂಡು ಹಾಗೆಯೇ ನಿಂತುಬಿಟ್ಟೆ. ಮಂಡಿಯ ಮೇಲೆ ಹೊದಿಸಿದ್ದ ಕಾಗದದ ಸರಬರ ಸದ್ದು, ತಲೆಯ ಮೇಲೆ ಛಾವಣಿಗೆ ಅಂಟಿಸಿದ್ದ ಸಮುದ್ರದ ಚಿತ್ರ, ನನ್ನ ಎಡಗೈಯನ್ನು ಹಿಡಿದಿದ್ದ ಇನ್ನೊಂದು ಕೈಯ ಬೆವರು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಹೆದರಿಕೆಯ ನೆನಪೇ ಅದು. ಆದರೂ ನಿಂತಲ್ಲೇ ಮನಸ್ಸು ತುಂಬಿ ಬಂತು. ಆ ವರ್ಷದ ಬಗ್ಗೆ ಬರೆದಿಡಬೇಕು ಅನ್ನಿಸಿದ್ದು ಆಗಲೇ.

ಅದು ೨೦೨೪ರ ಶರತ್ಕಾಲ. ನಾನು ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗಿಗೆ ಬಂದು ವರ್ಷದ ಮೇಲಾಗಿತ್ತು. ರಘು ಅವರನ್ನು ಮದುವೆಯಾದಾಗ ನನಗೆ ನಲವತ್ತು ಹತ್ತಿರವಿತ್ತು. ಇಬ್ಬರಿಗೂ ಎರಡನೆಯ ಮದುವೆ. ನನ್ನ ಮೊದಲನೆಯದು ಬೆಂಗಳೂರಿನ ಕೋರ್ಟಿನಲ್ಲಿ ಮುಗಿದಿತ್ತು, ಅವರದು ಆಗ ಅವರಿದ್ದ ರಾಲಿ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ. ಅವರ ಹೆಂಡತಿ ಸುಮಾಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅದು ತೀರ ಮುಂದುವರಿದುಬಿಟ್ಟಿತ್ತು. ೨೦೨೨ರ ಆರಂಭದಲ್ಲಿ ಆಕೆ ತೀರಿಕೊಂಡರು. ಆಮೇಲೆ ರಘು ಕೆಲಸ ಬದಲಾಯಿಸಿ, ಮಗಳು ಅನಘಾಳನ್ನು ಕರೆದುಕೊಂಡು ಮೇರಿಲ್ಯಾಂಡಿಗೆ ಬಂದರು. ನಾನು ಈ ಮನೆಗೆ ಕಾಲಿಟ್ಟಾಗ ಆ ಹುಡುಗಿಗೆ ಹನ್ನೊಂದು ವರ್ಷ. ನನ್ನನ್ನು "ವಸು ಆಂಟಿ" ಎಂದು ಕರೆಯುತ್ತಿದ್ದಳು. ಹೇಳಿದ್ದನ್ನು ಕೇಳುತ್ತಿದ್ದಳು, ಬಡಿಸಿದ್ದನ್ನು ತಿನ್ನುತ್ತಿದ್ದಳು, ತಟ್ಟೆಯನ್ನು ಸಿಂಕಿಗೆ ಹಾಕಿ ತನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಅವಳ ಮೇಲೆ ಯಾವ ದೂರೂ ಇರಲಿಲ್ಲ. ಜಗಳವಾದರೂ ಆಡಬಾರದೇ ಎಂದು ಮಾತ್ರ ಕೆಲವು ಸಲ ಅನ್ನಿಸುತ್ತಿತ್ತು.

ಮನೆಯಲ್ಲಿ ಸುಮಾ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ರಾಲಿ ಎಂಬ ಊರಿನ ಹೆಸರೂ ಕೇಳಿಬರುತ್ತಿರಲಿಲ್ಲ. ನನಗೆ ನೋವಾಗುತ್ತದೆಂದು ರಘು ಎತ್ತುತ್ತಿರಲಿಲ್ಲ, ಅವರಿಗೆ ನೋವಾಗುತ್ತದೆಂದು ನಾನು ಕೇಳುತ್ತಿರಲಿಲ್ಲ. ಮಗಳು ಇಬ್ಬರ ಮುಖವನ್ನೂ ನೋಡಿ ಸುಮ್ಮನಿರುತ್ತಿದ್ದಳು. ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಸುಮಾ ಅವರ ತಾಯಿ ವಿಡಿಯೋ ಕಾಲ್ ಮಾಡುತ್ತಿದ್ದರು. ಅನಘಾ ಫೋನು ಹಿಡಿದು ಮಹಡಿಗೆ ಹೋಗುತ್ತಿದ್ದಳು. ಆ ಅಜ್ಜಿ ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ. ಮಗಳು ಇದ್ದ ಜಾಗದಲ್ಲಿ ಇನ್ನೊಬ್ಬಳನ್ನು ನೋಡುವುದು ಯಾವ ತಾಯಿಗೆ ಸುಲಭ? ಕರೆ ಬರುವ ಹೊತ್ತಿಗೆ ನಾನು ಬಟ್ಟೆ ಒಗೆಯುವ ನೆಪ ಮಾಡಿಕೊಂಡು ಬೇಸ್‌ಮೆಂಟಿಗೆ ಇಳಿದುಬಿಡುತ್ತಿದ್ದೆ.

ನನಗೆ ಈ ಊರಿನಲ್ಲಿ ಮೊದಲು ಸಿಕ್ಕ ಗೆಳತಿ ಫರ್ಜಾನಾ. ಮೈಸೂರಿನ ಉದಯಗಿರಿಯವಳು, ಎರಡು ಬೀದಿ ಆಚೆಯ ಟೌನ್‌ಹೌಸಿನಲ್ಲಿದ್ದಾಳೆ. ಸರ್ಕಾರಿ ಕಾಂಟ್ರ್ಯಾಕ್ಟಿನ ಮೇಲೆ ಆರೋಗ್ಯ ಇಲಾಖೆಯ ಯಾವುದೋ ಲೆಕ್ಕಾಚಾರದ ಕೆಲಸ ಮಾಡುತ್ತಾಳೆ. ನನಗಿಂತ ಸ್ವಲ್ಪ ದೊಡ್ಡವಳು, ಆ ಸಲುಗೆಯಲ್ಲಿ ಬೈಯುತ್ತಾಳೆ ಕೂಡ. ಸೆಪ್ಟೆಂಬರಿನಲ್ಲಿ ಒಂದು ದಿನ ಇಬ್ಬರೂ ಸಂಜೆ ನಡೆಯಲು ಹೋಗಿದ್ದೆವು.

"ಇಲ್ಲಿಗೆ ಬಂದು ವರ್ಷ ಆಯ್ತು, ಇನ್ನೂ ಆನ್ಯುವಲ್ ಚೆಕಪ್‌ಗೆ ಹೋಗಿಲ್ವಾ? ಪ್ಯಾಪ್ ಟೆಸ್ಟ್ ಯಾವತ್ತು ಮಾಡ್ಸಿದ್ದೆ ಲಾಸ್ಟು?"

"ಯಾವತ್ತೂ ಇಲ್ಲ," ಅಂದೆ.

ಅವಳು ಅಲ್ಲೇ ನಿಂತು ನನ್ನನ್ನು ನೋಡಿದಳು. "ಏನ್ ಹೆಂಗ್ಸೇ ನೀನು! ಸುಮಾಗೆ ಹಾಗಾದ ಮನೇಲಿ ಇದ್ಕೊಂಡು ಹಿಂಗಂತೀಯಲ್ಲ. ಆ ಕ್ಯಾನ್ಸರನ್ನ ಮೊದ್ಲೇ ಹಿಡಿಯೋ ಟೆಸ್ಟೇ ಅದು. ನಾಳೇನೇ ಅಪಾಯಿಂಟ್‌ಮೆಂಟ್ ತಗೋ."

ತೆಗೆದುಕೊಂಡೆ. ಡೆನೀಸ್ ಎಂಬ ಡಾಕ್ಟರು ನೋಡಿದರು. ಬೆಳ್ಳಿ ಕೂದಲಿನ, ನಿಧಾನವಾಗಿ ಮಾತಾಡುವ ಹೆಂಗಸು, ಜಾರ್ಜಿಯಾದ ಕಡೆಯವರಂತೆ. ಸಣ್ಣ ಬ್ರಶ್ಶಿನಲ್ಲಿ ಗರ್ಭಕಂಠದಿಂದ ಒಂದಿಷ್ಟು ಕೋಶಗಳನ್ನು ತೆಗೆದು ದ್ರಾವಣವಿದ್ದ ಬಾಟಲಿಯಲ್ಲಿ ಅದ್ದಿದರು. ಎದ್ದು ಬಂದು ಕಾರಿನಲ್ಲಿ ಕುಳಿತಾಗ, ಇಷ್ಟೇ ಇಷ್ಟಕ್ಕೆ ಇಷ್ಟು ವರ್ಷ ಹೋಗದೆ ಇದ್ದೆನಲ್ಲ ಎಂದುಕೊಂಡೆ.

ರಿಪೋರ್ಟು ಬಂದ ದಿನ ನಾನು ಕೆಲಸದಲ್ಲಿದ್ದೆ. ಜರ್ಮನ್‌ಟೌನಿನ ಒಂದು ಡೇಕೇರಿನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತು, ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದ್ದವು, ದೀಪ ಆರಿಸಿತ್ತು. ಫೋನು ಸಣ್ಣಗೆ ನಡುಗಿತು. ತೆರೆದು ಓದಿದೆ. ಕೋಶಗಳಲ್ಲಿ ಸಣ್ಣ ವ್ಯತ್ಯಾಸ ಕಂಡಿದೆ, ಅದರ ಅರ್ಥ ಇನ್ನೂ ನಿಶ್ಚಿತವಿಲ್ಲ, ಅದೇ ಮಾದರಿಯಲ್ಲಿ ಎಚ್‌ಪಿವಿ ಪರೀಕ್ಷೆ ನಡೆಯುತ್ತಿದೆ ಎಂದಿತ್ತು. ಒಂದು ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸಿ ಅಳು ತೆಗೆಯಿತು. ಅದರ ಬೆನ್ನು ತಟ್ಟುತ್ತ ಕುಳಿತೆ. ತಟ್ಟುತ್ತಿದ್ದ ಕೈ ನನ್ನದಲ್ಲವೇನೋ ಅನ್ನಿಸುತ್ತಿತ್ತು.

ಸಂಜೆ ನೇರವಾಗಿ ಫರ್ಜಾನಾ ಮನೆಗೆ ಹೋದೆ. ಅವಳು ಓದಿ ಫೋನು ವಾಪಸ್ ಕೊಟ್ಟಳು.

"ಕೂತ್ಕೋ ಮೊದ್ಲು. ಇದು ಕ್ಯಾನ್ಸರ್ ಅಂತ ಎಲ್ಲೂ ಬರ್ದಿಲ್ಲ. ಸಾವಿರಾರು ಜನಕ್ಕೆ ಬರತ್ತೆ ಈ ರಿಪೋರ್ಟು. ಇನ್‌ಫೆಕ್ಷನ್ ಆದ್ರೂ ಬರತ್ತೆ, ಸುಮ್‌ಸುಮ್ನೇನೂ ಬರತ್ತೆ. ಅದಕ್ಕೇ ಎಚ್‌ಪಿವಿ ನೋಡೋದು. ಅದು ಗಂಡು ಹೆಣ್ಣು ಸೇರೋದ್ರಿಂದ ಹರಡೋ ವೈರಸ್ಸು, ಈ ಕ್ಯಾನ್ಸರ್ ಹೆಚ್ಚಾಗಿ ಅದ್ರಿಂದ್ಲೇ ಬರೋದು. ಆ ವೈರಸ್ ಇಲ್ಲ ಅಂದ್ರೆ ಚಿಂತೆ ಮಾಡ್ಬೇಡಿ, ಮೂರು ವರ್ಷ ಬಿಟ್ಟು ಬನ್ನಿ ಅಂತಾರೆ. ಇದೆ ಅಂದ್ರೆ ಹತ್ರದಿಂದ ನೋಡ್ತಾರೆ. ಯಾರನ್ನ ಹತ್ರದಿಂದ ನೋಡ್ಬೇಕು, ಯಾರನ್ನ ಸುಮ್ನೆ ಹೆದರಿಸ್ಬಾರ್ದು ಅಂತ ಬೇರೆ ಮಾಡೋಕೆ ಈ ಟೆಸ್ಟು. ಇನ್ನೊಂದ್ಸಲ ಹೋಗಿ ಮಲಗ್ಬೇಕಾಗಿಲ್ಲ, ಅದೇ ಬಾಟ್ಲಿಯಿಂದ ಮಾಡ್ತಾರೆ."

"ರಘುಗೆ ಏನಂತ ಹೇಳ್ಲಿ?"



ಹೇಳದೆ ಇರುವುದು ನನಗೆ ಸಾಧ್ಯವಾಗಲಿಲ್ಲ. ಅಂದೇ ಊಟವಾದ ಮೇಲೆ ಹೇಳಿದೆ. ರಘು ಪೂರ್ತಿ ಕೇಳಿಸಿಕೊಂಡರು. "ಸರಿ, ನೋಡೋಣ. ಏನೂ ಇರಲ್ಲ," ಅಂದರು. ಮರುದಿನದಿಂದ ಅವರ ಡಬ್ಬಿಯಲ್ಲಿ ಅರ್ಧ ಊಟ ವಾಪಸ್ ಬರತೊಡಗಿತು. ಫ್ರಿಡ್ಜು ತೆರೆದು, ಏನು ಬೇಕಾಗಿತ್ತೆಂಬುದನ್ನೇ ಮರೆತು ನಿಂತಿರುತ್ತಿದ್ದರು. ನಾನು ಬಾಯಿ ತುಂಬ ಮಾತಾಡುತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು.

ಎರಡನೆಯ ಫಲಿತಾಂಶ ಬಂದದ್ದು ಅಕ್ಟೋಬರಿನ ಒಂದು ಶನಿವಾರ. ಎಚ್‌ಪಿವಿ ಇದೆ. ಅತಿ ಅಪಾಯದ್ದೆಂದು ಬೇರೆಯಾಗಿ ನೋಡುವ ಎರಡು ಬಗೆಗಳಲ್ಲ, ಉಳಿದವುಗಳಲ್ಲಿ ಒಂದು. ಕಾಲ್ಪೊಸ್ಕೊಪಿಗೆ ಸಮಯ ಗೊತ್ತು ಮಾಡಿಕೊಳ್ಳಿ. ರಘು ಹಿತ್ತಿಲಲ್ಲಿ ಎಲೆ ಗುಡಿಸುತ್ತಿದ್ದರು. ಆ ವರ್ಷ ಮೇಪಲ್ ಮರ ವಿಪರೀತ ಕೆಂಪಾಗಿತ್ತು, ಎಷ್ಟು ಗುಡಿಸಿದರೂ ಮತ್ತೆ ಅಷ್ಟೇ ಬೀಳುತ್ತಿತ್ತು. ಹತ್ತಿರ ಹೋಗಿ ವಿಷಯ ಹೇಳಿದೆ. "ಲೆನ್ಸ್ ಇಟ್ಟು ಹತ್ರದಿಂದ ನೋಡ್ತಾರಂತೆ. ಬೇಕು ಅನ್ನಿಸಿದ್ರೆ ಬಯಾಪ್ಸಿಗೆ ಅಂತ ಚಿಕ್ಕ ಚೂರು ತಗೋತಾರಂತೆ."

ಅವರು ಕೈಯಲ್ಲಿದ್ದ ಕುಂಟೆಯನ್ನು ಮರಕ್ಕೆ ಒರಗಿಸಿದರು. "ನನ್ನಿಂದ ಬಂದಿದೆ," ಅಂದರು.

"ಯಾಕ್ ಹಾಗಂತೀರಿ?"

"ಸುಮಂಗೂ ಇದೇ ವೈರಸ್ ಅಲ್ವಾ ವಸು? ಅವಳಿಗೂ ನಾನೇ ಕೊಟ್ಟಿದ್ನೇನೋ. ಈಗ ನಿಂಗೆ."

ಅವರ ಬಾಯಿಂದ ಆ ಹೆಸರನ್ನು ನಾನು ಕೇಳಿದ್ದು ಅಪರೂಪ. ಈ ಮನುಷ್ಯ ಇಷ್ಟು ದಿನ ಅರ್ಧ ಊಟ ಬಿಟ್ಟಿದ್ದು ಇದಕ್ಕೆ ಎಂದು ಆಗ ತಿಳಿಯಿತು. ನನ್ನ ತಲೆಯಲ್ಲಿದ್ದದ್ದು ಬೇರೆಯೇ. ನನ್ನ ಮೊದಲ ಗಂಡನಿಗೆ ಮನೆಯ ಹೊರಗೆ ಸಂಬಂಧಗಳಿದ್ದವು, ನಾವು ಬೇರೆಯಾದದ್ದೂ ಅದಕ್ಕೇ. ಆ ಕೊಳೆಯನ್ನು ಎತ್ತಿಕೊಂಡು ಸಮುದ್ರ ದಾಟಿ ಬಂದೆನಲ್ಲ, ಒಮ್ಮೆ ಸುಟ್ಟುಕೊಂಡ ಮನೆಗೆ ಮತ್ತೆ ಬೆಂಕಿ ತಂದೆನಲ್ಲ ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ.

"ನನ್ನ ಹಳೇ ಮದ್ವೆಯಿಂದ್ಲೂ ಬಂದಿರ್ಬಹುದು ರೀ. ಅವನ ವಿಷ್ಯ ನಿಮ್ಗೆ ಗೊತ್ತಲ್ಲ," ಅಂದೆ. 

ರಘು ನನ್ನ ಭುಜ ಹಿಡಿದುಕೊಂಡರು. ಇಬ್ಬರೂ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತ ಎಲೆಯ ರಾಶಿಯ ಪಕ್ಕದಲ್ಲಿ ನಿಂತಿದ್ದೆವು. ಅಡುಗೆಮನೆಯ ಜಾಲರಿ ಬಾಗಿಲು ಹಾಕಿದ ಸದ್ದಾಯಿತು. ತಿರುಗಿ ನೋಡಿದೆ. ಅನಘಾ ಅಲ್ಲಿ ನಿಂತಿದ್ದವಳು ಒಳಗೆ ಹೋದಳು.

ಎಷ್ಟು ಕೇಳಿಸಿಕೊಂಡಳೋ ಗೊತ್ತಾಗಲಿಲ್ಲ. ಅವಳು ಏನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಾಲ್ಪೊಸ್ಕೊಪಿಯ ಹಿಂದಿನ ಸಂಜೆ ಊಟದ ಮೇಜಿನಲ್ಲಿ ರಘು, "ನಾಳೆ ಸ್ಕೂಲ್ ಆದ್ಮೇಲೆ ಫರ್ಜಾನಾ ಆಂಟಿ ಮನೆಗೆ ಹೋಗು ಪುಟ್ಟಿ. ನಮ್ಗೆ ಸ್ವಲ್ಪ ಕೆಲ್ಸ ಇದೆ," ಅಂದರು.

"ವಾಟ್ ಕೆಲಸ?"

"ಸುಮ್ನೆ, ಒಂದು ಚೆಕಪ್ಪು. ಏನಿಲ್ಲ."

ಚಪಾತಿಯ ತುಂಡನ್ನು ತಟ್ಟೆಗೆ ಬಿಟ್ಟು ಅವಳು ಅಪ್ಪನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ವಸು ಆಂಟಿ, ನಿಂಗೆ ಬಯಾಪ್ಸಿನಾ? ನಂಗೆ ಹೇಳ್ಬೇಕು. ಅಮ್ಮಂಗೆ ಆದಾಗ ಎಲ್ಲಾರೂ ಇಟ್ಸ್ ಓಕೆ, ಇಟ್ಸ್ ಓಕೆ ಅಂದ್ರು. ಇಟ್ ವಾಸ್ ನಾಟ್ ಓಕೆ."

ಮರ್ಯಾದೆಯ ಬಹುವಚನ ಅವಳ ಕನ್ನಡದಲ್ಲಿ ಇನ್ನೂ ಸೇರಿರಲಿಲ್ಲ. ಆ "ನಿಂಗೆ" ಎಂಬುದು ಅಂದು ನನ್ನ ಎದೆಗೆ ನೇರವಾಗಿ ಬಂತು. ಮೇಜಿನ ಆ ಬದಿಯಿಂದ ಎದ್ದು ಅವಳ ಪಕ್ಕದ ಕುರ್ಚಿಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಟೆಸ್ಟಿನಲ್ಲಿ ಸಣ್ಣ ವ್ಯತ್ಯಾಸ ಕಂಡಿದೆ, ಅದು ಕಾಯಿಲೆಯಲ್ಲ, ಕಾಯಿಲೆಯಾಗಲು ಬಹಳ ವರ್ಷ ಬೇಕು, ಆಗದೆ ಹೋಗುವುದೇ ಹೆಚ್ಚು, ಆಗಬಾರದೆಂದೇ ನಾಳೆ ನೋಡುತ್ತಾರೆ.

"ಅಮ್ಮಂಗೂ ಈ ಟೆಸ್ಟ್ ಮಾಡಿದ್ರಾ?"

ನಾನು ರಘು ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಕುಳಿತಿದ್ದರು. ಇವತ್ತೂ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಎದ್ದು ಹೋಗಲಿಲ್ಲ.

"ಇಲ್ಲ ಪುಟ್ಟಿ," ಅಂದರು. "ನೀನು ಹುಟ್ಟಿದಾಗ ಒಂದ್ಸಲ ಮಾಡಿದ್ರು. ಆಮೇಲೆ ಮಾಡ್ಸ್‌ಲಿಲ್ಲ. ನೀನು ಚಿಕ್ಕೋಳು, ಅಮ್ಮಂಗೆ ಕೆಲ್ಸ, ನಂಗೆ ಪ್ರಾಜೆಕ್ಟು. ನಾಳೆ ನಾಳೆ ಅಂತಾನೇ ಹೋಯ್ತು. ಆಮೇಲೆ ಕೋವಿಡ್ ಬಂತು, ಎಲ್ಲಾ ಕ್ಲೋಸು. ಅವಳಿಗೆ ಬ್ಲೀಡಿಂಗ್ ಆಗ್ತಿತ್ತು, ಟೆನ್ಷನ್‌ಗೆ ಇರ್ಬೇಕು ಅಂದ್ಕೊಂಡ್ಲು. ನಾನೂ ಹಾಗೇ ಅಂದ್ಕೊಂಡೆ. ನಮ್ಗೆ ಗೊತ್ತಿರ್ಲಿಲ್ಲ ಮಗಳೇ. ನಿಜವಾಗ್ಲೂ ಗೊತ್ತಿರ್ಲಿಲ್ಲ."

ಅನಘಾ ಎದ್ದು ಅಪ್ಪನ ಕುತ್ತಿಗೆಯನ್ನು ತಬ್ಬಿಕೊಂಡಳು. ಅವರಿಬ್ಬರೂ ಅಷ್ಟು ಹೊತ್ತು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳು ನಿಂತ ಮೇಲೆ ಅವಳು ಮೂಗು ಒರೆಸಿಕೊಂಡು, "ನಾನೂ ಬರ್ತೀನಿ ನಾಳೆ. ಐಯಾಮ್ ನಾಟ್ ಸ್ಟೇಯಿಂಗ್ ಹೋಮ್," ಅಂದಳು. ಬೇಡವೆನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹಾಗಾಗಿ ಮರುದಿನ ನಾವು ನಾಲ್ವರು ಒಂದೇ ಕಾರಿನಲ್ಲಿ ಹೋದೆವು. ಹುಡುಗಿಯ ಜೊತೆ ಹೊರಗೆ ಕೂರಲು ಫರ್ಜಾನಾ ರಜೆ ಹಾಕಿ ಬಂದಿದ್ದಳು. ಟೂ-ಸೆವೆಂಟಿ ಹೈವೇಯಲ್ಲಿ ಎಂದಿನಂತೆ ಟ್ರಾಫಿಕ್ಕು. ದೂರದಲ್ಲಿ ಶುಗರ್‌ಲೋಫ್ ಗುಡ್ಡ ಕಂದು ಬಣ್ಣಕ್ಕೆ ತಿರುಗಿತ್ತು. ಯಾರೂ ಹೆಚ್ಚು ಮಾತಾಡಲಿಲ್ಲ. ಫರ್ಜಾನಾ ಹಿಂದಿನ ಸೀಟಿನಲ್ಲಿ ಅನಘಾಳ ಗಣಿತದ ಹೋಮ್‌ವರ್ಕನ್ನು ನೋಡಿ ತಪ್ಪು ಉತ್ತರ ಹೇಳಿಕೊಡುತ್ತಿದ್ದಳು, ಇವಳು ತಿದ್ದುತ್ತಿದ್ದಳು.

ರಘು ನನ್ನ ಜೊತೆ ಒಳಗೆ ಬಂದರು. ಡಾಕ್ಟರ್ ಡೆನೀಸ್ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತು, ಕೇಳುವುದೇನಾದರೂ ಇದ್ದರೆ ಮೊದಲು ಕೇಳಿಬಿಡಿ ಅಂದರು. ರಘು ಇಂಗ್ಲಿಷಿನಲ್ಲಿ ತಡವರಿಸುತ್ತ ಕೇಳಿದರು. ತನ್ನ ಮೊದಲ ಹೆಂಡತಿಯ ವಿಷಯ ಹೇಳಿದರು. ಇದು ತನ್ನಿಂದಲೇ ಬಂತೋ ಏನೋ, ಗೊತ್ತಾಗಬೇಕು ಅಂದರು.

ಆಕೆ ಮೊದಲು ಸುಮಾ ಅವರ ಹೆಸರು ಕೇಳಿ ತಿಳಿದುಕೊಂಡರು. ಆ ಹೆಸರನ್ನು ಒಮ್ಮೆ ತಾವೂ ಹೇಳಿದರು. ಆಮೇಲೆ ಹೇಳಿದ ಮಾತು ನನಗೆ ಹೆಚ್ಚುಕಡಿಮೆ ಹಾಗೆಯೇ ನೆನಪಿದೆ. "ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಲ್ಯಾಬು ಎಲ್ಲೂ ಇಲ್ಲ. ಈ ವೈರಸ್ಸು ಯಾರಿಂದ ಬಂತು, ಯಾವ ವರ್ಷ ಬಂತು ಎಂದು ಹೇಳಲು ಆಗುವುದಿಲ್ಲ. ವರ್ಷಗಟ್ಟಲೆ ಸುಳಿವೇ ಕೊಡದೆ ಮೈಯಲ್ಲಿ ಇದ್ದುಬಿಡಬಹುದು. ಗಂಡು ಹೆಣ್ಣು ಎನ್ನದೆ ಬಹಳಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬಂದಿರುತ್ತದೆ, ಬಹುಪಾಲು ಜನರ ದೇಹ ತಾನಾಗಿ ಅದನ್ನು ಓಡಿಸಿರುತ್ತದೆ. ಯಾರ ತಪ್ಪು ಎಂದು ಹುಡುಕುವುದಕ್ಕೆ ನಾವು ಈ ಟೆಸ್ಟ್ ಮಾಡುವುದಿಲ್ಲ. ಇವರನ್ನು ಇನ್ನು ಹೇಗೆ ನೋಡಿಕೊಳ್ಳಬೇಕು ಎಂದು ತಿಳಿಯುವುದಕ್ಕೆ ಮಾಡುತ್ತೇವೆ. ಇವರು ಸರಿಯಾದ ಹೊತ್ತಿಗೆ ಬಂದಿದ್ದಾರೆ."

ಕೊನೆಯ ಮಾತು ಕೇಳಿ ರಘು ಕಣ್ಣು ಮುಚ್ಚಿಕೊಂಡರು.

ಮಲಗಿದ ಮೇಲೆ ಹುಳಿ ವಾಸನೆ ಬಂತು. ವಿನೆಗರ್‌ನಂಥದ್ದೇ ದ್ರಾವಣ, ಹಚ್ಚಿದಾಗ ವ್ಯತ್ಯಾಸವಿರುವ ಜಾಗ ಬೆಳ್ಳಗೆ ಕಾಣುತ್ತದಂತೆ. "ಸ್ವಲ್ಪ ತಣ್ಣಗಾಗುತ್ತದೆ, ಸ್ವಲ್ಪ ಉರಿಯಬಹುದು," ಎಂದು ಡಾಕ್ಟರು ಪ್ರತಿಯೊಂದನ್ನೂ ಮೊದಲು ಹೇಳಿ ಆಮೇಲೆ ಮಾಡುತ್ತಿದ್ದರು. ನಾನು ಛಾವಣಿಯ ಸಮುದ್ರವನ್ನೇ ನೋಡುತ್ತಿದ್ದೆ. ಚೂರು ತೆಗೆಯುವಾಗ ಚಿವುಟಿದ ಹಾಗೆ ಒಮ್ಮೆ, ಆಮೇಲೆ ಇನ್ನೊಮ್ಮೆ. ಹೊಟ್ಟೆ ಕೆಳಗೆ ಮುಟ್ಟಿನ ನೋವಿನಂತೆ ಹಿಂಡಿತು. ರಘು ನನ್ನ ಎಡಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಕೊನೆಗೆ ನೋವು ಯಾವ ಕಡೆ ಹೆಚ್ಚು ಎಂದು ಹೇಳುವುದು ಕಷ್ಟವಾಯಿತು. ಅದನ್ನು ಹೇಳಿದಾಗ ಡಾಕ್ಟರು ನಕ್ಕರು, ನಾನೂ ನಕ್ಕೆ, ರಘು ಮಾತ್ರ ನಗಲಿಲ್ಲ.

ಹೊರಗೆ ಬಂದಾಗ ಅನಘಾ ಎದ್ದು ನಿಂತಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ನಡೆದುಕೊಂಡು ಬರುತ್ತಿದ್ದೇನೆ ಎಂಬುದೇ ಅವಳಿಗೆ ದೊಡ್ಡ ಸಮಾಚಾರ ಎಂದು ಆಮೇಲೆ ಹೊಳೆಯಿತು. ಅವಳು ಕಂಡಿದ್ದ ಆಸ್ಪತ್ರೆಗಳಲ್ಲಿ ಅಮ್ಮ ಗಾಲಿಕುರ್ಚಿಯಲ್ಲೇ ಹೊರಗೆ ಬರುತ್ತಿದ್ದದ್ದು. ಕಾರಿನವರೆಗೆ ಅವಳು ನನ್ನ ತೋಳು ಹಿಡಿದುಕೊಂಡೇ ನಡೆದಳು. ಅಂದು ಫರ್ಜಾನಾ ಮಾಡಿ ತಂದಿದ್ದ ಮೆಂತ್ಯ ಪಲಾವನ್ನು ನಾವು ಮೂವರೂ ಸೋಫಾದ ಮೇಲೆ ಒಂದೇ ಕಂಬಳಿಯೊಳಗೆ ಕಾಲು ತೂರಿಸಿಕೊಂಡು ತಿಂದೆವು. ಬಹಳ ದಿನಗಳ ಮೇಲೆ ರಘು ಎರಡನೆಯ ಸಲ ಬಡಿಸಿಕೊಂಡರು.

ಫಲಿತಾಂಶ ಬರುವವರೆಗಿನ ದಿನಗಳು ಉದ್ದವಾಗಿದ್ದವು. ಮರಗಳೆಲ್ಲ ಬೋಳಾದವು. ಒಂದು ಮಧ್ಯಾಹ್ನ ಡೇಕೇರಿನ ಅಂಗಳದಲ್ಲಿ ಮಕ್ಕಳಿಗೆ ಟೋಪಿ ಹಾಕುತ್ತಿದ್ದಾಗ ಡಾಕ್ಟರೇ ಫೋನ್ ಮಾಡಿದರು. ಇರುವುದು ಅತಿ ಕಡಿಮೆ ಮಟ್ಟದ ಬದಲಾವಣೆ. ದೇಹವೇ ಸರಿಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಈಗ ಏನನ್ನೂ ಕತ್ತರಿಸಬೇಕಾಗಿಲ್ಲ, ಮಾತ್ರೆಯೂ ಬೇಡ. ಒಂದು ವರ್ಷದ ನಂತರ ಮತ್ತೆ ಪರೀಕ್ಷೆ. "ನೀವು ಮಾಡಬೇಕಾದ್ದು ಒಂದೇ, ಆಗ ತಪ್ಪದೆ ಬರುವುದು," ಅಂದರು. ಥ್ಯಾಂಕ್ಯೂ ಎಂದು ಎಷ್ಟು ಸಲ ಹೇಳಿದೆನೋ. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ತನಗೇ ಹೇಳುತ್ತಿದ್ದೇನೆಂದುಕೊಂಡು ಪ್ರತಿ ಸಲವೂ "ಯು ಆರ್ ವೆಲ್ಕಮ್" ಅನ್ನುತ್ತಿದ್ದಳು.

ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲಿಗೆ ಹೋಗೋಣ ಎಂದು ರಘು ಕೇಳಿದಾಗ ಅನಘಾ "ರಾಲಿ" ಅಂದಳು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಹೋಗೋಣ," ಅಂದೆ. ವರ್ಜೀನಿಯಾ ಉದ್ದಕ್ಕೂ ಮಳೆ. ಅವರಿದ್ದ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದೆವು, ಇಳಿಯಲಿಲ್ಲ. ಆಮೇಲೆ ಒಂದು ಕೆರೆಯ ಸುತ್ತ ನಡೆದೆವು. ಅಪ್ಪ ಮಗಳು ಸುಮಾ ಬಗ್ಗೆ ಸರದಿಯಂತೆ ಹೇಳುತ್ತಿದ್ದರು: ಅವಳು ಬಾತುಕೋಳಿಗೆ ಹೆದರುತ್ತಿದ್ದದ್ದು, ಪಾರ್ಕಿಂಗ್‌ನಲ್ಲಿ ದಿನಾ ತನ್ನ ಕಾರು ಹುಡುಕುತ್ತಿದ್ದದ್ದು, ಸಾರಿಗೆ ಬೆಲ್ಲ ಜಾಸ್ತಿ ಹಾಕುತ್ತಿದ್ದದ್ದು. ನಾನು ಕೇಳುತ್ತ ನಡೆದೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಹೊರಗಿನವಳು ಅನ್ನಿಸಲಿಲ್ಲ. ಇಷ್ಟು ದಿನ ಗೋಡೆಯಾಚೆ ಇದ್ದ ಒಬ್ಬ ಹೆಂಗಸಿನ ಗುರುತು ಆಯಿತು ಅನ್ನಿಸಿತು. ನಾನೂ ಆಕೆಯೂ ಎದುರು ಮನೆಯಲ್ಲಿ ಇದ್ದಿದ್ದರೆ ಖಂಡಿತ ಗೆಳತಿಯರಾಗುತ್ತಿದ್ದೆವು.

ಚಳಿಗಾಲದಲ್ಲಿ ಅನಘಾಳ ಡಾಕ್ಟರ ಬಳಿ ಹೋಗುವುದಿತ್ತು. ಹಿಂದಿನ ವರ್ಷ ಅವರು ಎಚ್‌ಪಿವಿ ಲಸಿಕೆಯ ಮಾತೆತ್ತಿದಾಗ ರಘು ಬಿಳಿಚಿಕೊಂಡು "ಮುಂದಿನ ಸಲ" ಎಂದು ಎದ್ದು ಬಂದಿದ್ದರಂತೆ. ಆ ಹೆಸರನ್ನು ಮಗಳ ಮುಂದೆ ಕೇಳುವುದೇ ಅವರಿಗೆ ಆಗಿರಲಿಲ್ಲ. ಈ ಸಲ ಡಾಕ್ಟರು ಬಾಯಿ ತೆರೆಯುವ ಮೊದಲೇ ಅನಘಾ ಅಂಗಿಯ ತೋಳು ಮಡಚಿದಳು. "ದಿಸ್ ಒನ್, ಫಾರ್ ದ ವೈರಸ್. ನಂಗೆ ಬೇಕು," ಅಂದಳು. ಸೂಜಿ ಎಂದರೆ ಅವಳಿಗೆ ಬಹಳ ಹೆದರಿಕೆ. ಮುಖವನ್ನು ನನ್ನ ಹೊಟ್ಟೆಗೆ ಒತ್ತಿಕೊಂಡಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಹೊರಗೆ ಹಿಮ ಬೀಳುತ್ತಿತ್ತು. ರಘು ಕಾರಿನ ಗಾಜು ಕೆರೆಯುತ್ತ ನಮಗಾಗಿ ಕಾಯುತ್ತಿದ್ದರು.

ಅದಾದ ಮೇಲಿನ ಭಾನುವಾರ ಮೈಸೂರಿನ ಕರೆ ಬಂದಾಗ ಅನಘಾ ಮಹಡಿಗೆ ಹೋಗಲಿಲ್ಲ. ನಾನು ಬೇಸ್‌ಮೆಂಟಿಗೆ ಇಳಿಯುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಫೋನು ಒರಗಿಸಿ ಮಾತು ಶುರು ಮಾಡಿದ್ದಳು.

"ಅಜ್ಜಿ, ಚಿಕ್ಕಿ ಟೆಸ್ಟ್ ಮಾಡಿಸಿದ್ದಾಳಾ?"

ಚಿಕ್ಕಿ ಎಂದರೆ ಸುಮಾ ಅವರ ತಂಗಿ ಶ್ರುತಿ. ತಾಯಿಯ ಜೊತೆಯಲ್ಲೇ ಇದ್ದಾಳೆ, ಎರಡು ಮಕ್ಕಳ ತಾಯಿ.

"ಯಾವ ಟೆಸ್ಟು ಪುಟ್ಟಿ?"

ಅನಘಾಳ ಕನ್ನಡ ಅಲ್ಲಿಗೆ ಮುಗಿಯಿತು. ಫೋನನ್ನು ನನ್ನ ಕಡೆ ತಿರುಗಿಸಿದಳು. "ವಸು ಆಂಟಿ, ಯೂ ಟೆಲ್."

ಪರದೆಯ ಮೇಲೆ ಸುಮಾ ಅವರ ತಾಯಿ. ಬಿಳಿ ಕೂದಲಿನ ಗಂಟು, ದಪ್ಪ ಕನ್ನಡಕ. ಓಡಿಹೋಗುವಂತಿರಲಿಲ್ಲ. "ನಮಸ್ಕಾರ ಅಮ್ಮ," ಅಂದೆ. ನನ್ನ ವಿಷಯವನ್ನೇ ಹೇಳಿದೆ. ಟೆಸ್ಟಿನಲ್ಲಿ ಏನು ಬಂತು, ಎಚ್‌ಪಿವಿ ಯಾಕೆ ನೋಡಿದರು, ಡಾಕ್ಟರು ಏನಂದರು, ಎಲ್ಲವನ್ನೂ. ಮೈಸೂರಿನಲ್ಲೂ ಈ ಪರೀಕ್ಷೆ ಮಾಡುತ್ತಾರೆ, ಶ್ರುತಿ ಒಮ್ಮೆ ಹೋಗಿಬರಲಿ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಿಂಗೂ ಅದೇನಾ?" ಎಂದು ಕೇಳಿದರು.

"ಅದಲ್ಲ ಅಮ್ಮ. ಅದಕ್ಕಿಂತ ತುಂಬಾ ಮುಂಚೆ ಗೊತ್ತಾಗಿದೆ. ಅದಾಗದೇ ಇರೋ ಹಾಗೆ ನೋಡ್ಕೋತಾ ಇದ್ದಾರೆ."

 ಪರದೆ ಕಪ್ಪಾಯಿತು. ನೆಟ್‌ವರ್ಕ್ ಹೋಯಿತೋ, ಅವರೇ ಇಟ್ಟರೋ ತಿಳಿಯಲಿಲ್ಲ. ಮಗಳನ್ನು ಕಳೆದುಕೊಂಡವರ ಮುಂದೆ ಇದನ್ನೆಲ್ಲ ಆಡಬಾರದಿತ್ತು ಎಂದು ನಾನು ಆ ವಾರವೆಲ್ಲ ಪೇಚಾಡಿದೆ.

ಕೆಲವು ವಾರಗಳ ನಂತರ ಶ್ರುತಿ ನನ್ನ ನಂಬರಿಗೇ ಕರೆ ಮಾಡಿದಳು. ಅಂದಿನವರೆಗೆ ನಾನು ಅವಳಿಗೆ "ವಸುಧಾ ಅವ್ರು."

"ಅಕ್ಕಾ, ಅಮ್ಮ ಬಿಡ್ಲೇ ಇಲ್ಲ, ಕೈ ಹಿಡ್ಕೊಂಡು ಕರ್ಕೊಂಡು ಹೋದ್ರು. ನಂದ್ರಲ್ಲೂ ಸ್ವಲ್ಪ ವ್ಯತ್ಯಾಸ ಅಂತ ಬಂತು.  ಆಮೇಲೆ ಎಚ್‌ಪಿವಿ ಮಾಡಿದ್ರು. ಇಲ್ಲ ಅಂತ ಬಂತು ಅಕ್ಕಾ! ಡಾಕ್ಟ್ರು ಭಯ ಪಡ್ಬೇಡಿ, ಆದ್ರೆ ಮೂರು ವರ್ಷ ಬಿಟ್ಟು ಮರೀದೇ ಬನ್ನಿ ಅಂದ್ರು. ನೀವು ಮುಂಚೇನೇ ಹೇಳಿರ್ದೇ ಇದ್ದಿದ್ರೆ ಆ ಮೊದ್ಲನೇ ರಿಪೋರ್ಟ್ ನೋಡೇ ನಾನು ಸತ್ತೋಗ್ತಿದ್ದೆ."

ಅಡುಗೆಮನೆಯ ನೆಲದ ಮೇಲೆ ಕುಳಿತು ಆ ಮಾತು ಕೇಳಿದೆ. ನನ್ನ ಮೈಗೆ ಬಂದ ಒಂದು ಹೆದರಿಕೆ ಮೈಸೂರಿನ ಒಂದು ಮನೆಗೆ ಇಷ್ಟರಮಟ್ಟಿಗೆ ಉಪಯೋಗಕ್ಕೆ ಬಂತಲ್ಲ ಎಂದು ದೇವರಿಗೆ ಕೈಮುಗಿದೆ.

ವರ್ಷ ತಿರುಗಿತು. ಮೇಪಲ್ ಮತ್ತೆ ಕೆಂಪಾಯಿತು. ತಪ್ಪದೆ ಹೋದೆ. ಡಾಕ್ಟರ್ ಡೆನೀಸ್ ಬಾಗಿಲಲ್ಲೇ ನನ್ನ ಹೆಸರು ಹಿಡಿದು ಕರೆದರು, ಅನಘಾ ಹೇಗಿದ್ದಾಳೆ ಎಂದು ಕೇಳಿದರು. ರಿಪೋರ್ಟು ಯಾವ ವಾರ ಬರಬಹುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೈಸೂರಿಗೂ ಗೊತ್ತಿತ್ತು, ಅನಘಾ ಹೇಳಿದ್ದಳಂತೆ.

ಬಂದದ್ದು ಒಂದು ಬೆಳಿಗ್ಗೆ, ಅನಘಾ ಶಾಲೆಯ ಬಸ್ಸಿಗೆ ಹೊರಡುವ ಹೊತ್ತಿನಲ್ಲಿ. ಎಚ್‌ಪಿವಿ ಕಂಡುಬಂದಿಲ್ಲ. ಕೋಶಗಳು ಸಹಜವಾಗಿವೆ. ನಾನು ಎರಡು ಸಲ ಓದಿದೆ. ಅನಘಾ ಫೋನು ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ರಘು ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಬಸ್ಸು ಬಂದು ಹೋಯಿತು, ಯಾರಿಗೂ ಪರಿವೆಯಿರಲಿಲ್ಲ.

"ಅಜ್ಜಿಗೆ ಹೇಳು," ಎಂದು ಅನಘಾ ತಾನೇ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು.

ಅಲ್ಲಿ ಆಗಲೇ ಸಂಜೆಯಾಗಿ ದೀಪ ಹಚ್ಚುವ ಹೊತ್ತು. ಒಂದೇ ರಿಂಗಿಗೆ ಎತ್ತಿದರು. ಹಲೋ ಅನ್ನಲಿಲ್ಲ, ಹೇಗಿದ್ದೀಯ ಅನ್ನಲಿಲ್ಲ.

"ಏನಂದ್ರು?"

"ಏನೂ ಇಲ್ವಂತೆ ಅಮ್ಮ. ಎಲ್ಲಾ ಸರಿಹೋಗಿದೆಯಂತೆ. ವೈರಸ್ಸೂ ಇಲ್ವಂತೆ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು. ಕರೆ ಮತ್ತೆ ಕಡಿದುಹೋಯಿತೇನೋ ಎಂದು ಫೋನು ನೋಡಿದೆ. ಕಡಿದಿರಲಿಲ್ಲ. ಆಮೇಲೆ ಅವರು ಬಾಯನ್ನು ಫೋನಿನಿಂದ ಆಚೆಗೆ ತಿರುಗಿಸಿ, ಒಳಗಿದ್ದ ಮಗಳನ್ನು ಕೂಗಿದ್ದು ಕೇಳಿಸಿತು.

"ಶ್ರುತೀ, ವಸುಂದು ಏನೂ ಇಲ್ವಂತೆ. ಆಗ್ಲೇ ಕಾಫಿ ಸೇರಲ್ಲ, ಬೇಡ ಅಂದ್ನಲ್ಲ, ಈಗ ಒಂದ್ ಲೋಟ ಬೆರ್ಸೇ. ಕುಡೀತೀನಿ."